ಬಡಗಿಯ ಕೈಯ ಕುಂಚ



ಚೀನದ ಚಿತ್ರಗಾರ ಚಿ ಬೈಶಿಯವರ ವಿಷಯವಾಗಿ ನಾಲ್ಕು ಮಾತು ಹೇಳಲು ನಿಂತಿದ್ದೇವೆ. ಚಿತ್ರಕಲೆ ನಮಗೇಕೆಂದು ಯಾರೂ ಎದ್ದು ಹೋಗಬೇಡಿ. ಇವರು ಮೊದಲು ಬಡಗಿ, ಆಮೇಲೆ ಚಿತ್ರಗಾರ.

1864ರಲ್ಲಿ ಹುನಾನ್ ಪ್ರಾಂತದ ಬಡ ರೈತರ ಮನೆಯಲ್ಲಿ ಹುಟ್ಟಿದರು. ಅಜ್ಜ ಒಲೆಯ ಬೂದಿಯಲ್ಲಿ ಇಕ್ಕಳದಿಂದ ಗೀಚಿ ಅಕ್ಷರ ಕಲಿಸಿದರು. ಶಾಲೆಯ ಭಾಗ್ಯ ಒಂದು ವರ್ಷವೂ ಇರಲಿಲ್ಲ. ಮೈಯಲ್ಲಿ ಕಸುವಿಲ್ಲದ ಹುಡುಗ ಹೊಲದ ಕೆಲಸಕ್ಕಾಗನೆಂದು ಬಡಗಿಯ ಬಳಿ ಬಿಟ್ಟರು. ಕುಸುರಿ ಕೆತ್ತನೆ ಕೈಗೆ ಹತ್ತಿತು. ಇಪ್ಪತ್ತರ ಸುಮಾರಿಗೆ, ಕೆಲಸಕ್ಕೆ ಹೋದ ಮನೆಯಲ್ಲಿ ಚಿತ್ರ ಕಲಿಸುವ ಹಳೆಯ ಪುಸ್ತಕವೊಂದು ಕಣ್ಣಿಗೆ ಬಿತ್ತು. ಅದನ್ನು ಎರವಲು ತಂದರು. ಹಗಲು ಉಳಿ ಹಿಡಿದ ಕೈಯಿಂದಲೇ ರಾತ್ರಿ ದೀಪದ ಮುಂದೆ ತಿಂಗಳುಗಟ್ಟಲೆ ಕೂತು ಆ ಚಿತ್ರಗಳನ್ನು ನಕಲು ತೆಗೆದರು. ಎರವಲು ಪುಸ್ತಕದ ಬೆಲೆಯನ್ನು ವಾಚನಾಲಯಕ್ಕೆ ಬರುವ ನಿಮಗೆ ನಾವು ಹೇಳಬೇಕಾಗಿಲ್ಲ.

ಊರಲ್ಲಿ ದರೋಡೆಕಾರರ ಹಾವಳಿ ಹೆಚ್ಚಲು, ಐವತ್ತು ದಾಟಿದ ಮೇಲೆ, 1917ರಲ್ಲಿ ಬೀಜಿಂಗಿಗೆ ಹೋದರು. ಎರಡು ವರ್ಷದ ಬಳಿಕ ಅಲ್ಲೇ ನೆಲೆಸಿದರು. ತಂದೆತಾಯಿ, ಹೆಂಡತಿ ಊರಲ್ಲೇ ಉಳಿದರು. ಬೀಸಣಿಗೆಯ ಚಿತ್ರವೊಂದಕ್ಕೆ ಎರಡು ಬೆಳ್ಳಿ ನಾಣ್ಯ. ಇತರರ ದರದ ಅರ್ಧವಾದರೂ ಕೊಳ್ಳುವವರು ವಿರಳ. ಬಡಗಿಯ ಕೈಯೆಂದು ಬಲ್ಲವರು ಮೂಗು ಮುರಿದರು. ಅದನ್ನು ಅವರೇನೂ ಮುಚ್ಚಿಡಲಿಲ್ಲ; ಬಡಗಿಗಳ ಆದಿಗುರು ಲೂ ಬಾನನ ಶಿಷ್ಯ ತಾನೆಂದು ಮುದ್ರೆಯನ್ನೇ ಕೆತ್ತಿಕೊಂಡಿದ್ದರು!

ಹಳೆಯ ಜಾಡು ಬಿಟ್ಟು ನಿಮ್ಮದೇ ದಾರಿ ಹಿಡಿಯಿರೆಂದು ಸ್ನೇಹಿತ ಚೆನ್ ಶಿಜೆಂಗ್ ಒತ್ತಾಯಿಸಿದರು. ಅರವತ್ತರ ಹತ್ತಿರ ಕೈಯನ್ನು ಹೊಸದಾಗಿ ತಿದ್ದಿಕೊಳ್ಳುವುದು ಸಾಮಾನ್ಯವೆ? 1922ರಲ್ಲಿ ಚೆನ್ ಅವರೇ ಚಿತ್ರಗಳನ್ನು ಟೋಕಿಯೋಗೆ ಒಯ್ದರು. ಎಲ್ಲವೂ ಒಳ್ಳೆಯ ಬೆಲೆಗೆ ಹೋದವು. ಆಮೇಲೆ ಬೀಜಿಂಗಿನವರಿಗೂ ಕಣ್ಣು ತೆರೆಯಿತು. ಪರರು ಮೆಚ್ಚಿದ ಮೇಲೆ ಮನೆಯವರು ಮೆಚ್ಚುವುದು ನಮ್ಮಲ್ಲೂ ಉಂಟಷ್ಟೆ. 1925ರಲ್ಲಿ ಅವರು ಬರೆದ ಹನ್ನೆರಡು ಬೆಟ್ಟಗುಡ್ಡಗಳ ಚಿತ್ರಗಳು 2017ರ ಹರಾಜಿನಲ್ಲಿ 93 ಕೋಟಿ ಯುವಾನಿಗೆ ಮಾರಾಟವಾದವು.

1926ರಲ್ಲಿ ಊರಲ್ಲಿ ತಾಯಿ ತೀರಿಕೊಂಡರು. ಕೆಲವೇ ತಿಂಗಳಲ್ಲಿ ತಂದೆಯೂ ಹೋದರು. ಕಾಳಗದಿಂದ ದಾರಿ ಕಟ್ಟಿತ್ತು, ಮಗ ಹೋಗಲಾಗಲಿಲ್ಲ. ಸುದ್ದಿ ಬಂದೂ ಊರು ಮುಟ್ಟಲಾಗದ ಸಂಕಟವನ್ನು ಈ ಕೋಣೆಯಲ್ಲಿ ಬಲ್ಲವರಿದ್ದಾರೆ; ನಾವು ಬೆಳೆಸುವುದಿಲ್ಲ.

ಅವರ ಹೆಸರು ನಿಂತಿರುವುದು ಸೀಗಡಿಯ ಚಿತ್ರಗಳಲ್ಲಿ. ಬಟ್ಟಲಿನಲ್ಲಿ ಜೀವಂತ ಸೀಗಡಿ ಬಿಟ್ಟುಕೊಂಡು ವರ್ಷಗಟ್ಟಲೆ ನೋಡಿದರು. ನೋಡಿದಷ್ಟೂ ಚಿತ್ರದಲ್ಲಿ ಕಾಲುಗಳ ಲೆಕ್ಕ ಕಡಿಮೆ ಮಾಡುತ್ತ ಬಂದರು; ಸೀಗಡಿಗೆ ಜೀವ ಹೆಚ್ಚುತ್ತ ಹೋಯಿತು. ಕಾಗದದ ಮೇಲೆ ನೀರಿನ ಒಂದು ಗೆರೆಯೂ ಇಲ್ಲ, ಆದರೂ ಅವು ಈಜುತ್ತವೆ.

ಜಪಾನಿನ ಸೇನೆ ಬೀಜಿಂಗನ್ನು ಹಿಡಿದಿದ್ದಾಗ, ಅಧಿಕಾರಿಗಳಿಗೆ ಚಿತ್ರ ಮಾರುವುದಿಲ್ಲವೆಂದು ಬಾಗಿಲಿಗೆ ಚೀಟಿ ಅಂಟಿಸಿದರು. 1957ರ ಸೆಪ್ಟೆಂಬರಿನಲ್ಲಿ, ತೊಂಬತ್ತಮೂರರ ವಯಸ್ಸಿನಲ್ಲಿ ತೀರಿಕೊಂಡರು. ಆ ವರ್ಷವೂ ಕುಂಚ ಹಿಡಿದಿದ್ದರು.