ಬಿದಿರಿನ ಬಿಲ್ಲು



ವಿಜಯದಶಮಿಯಂದು ನಮ್ಮ ಮೈಸೂರಿನ ಜಂಬೂಸವಾರಿ ಅರಮನೆಯಿಂದ ಹೊರಟು ಸಯ್ಯಾಜಿರಾವ್ ರಸ್ತೆ, ಬಂಬೂ ಬಜಾರ್ ಹಾದು ಬನ್ನಿಮಂಟಪ ಸೇರುತ್ತದೆ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಬಚ್ಚಿಟ್ಟದ್ದು ಬನ್ನಿಮರದಲ್ಲಿ. ಗಾಂಡೀವವೂ ಅಲ್ಲೇ ಇತ್ತು. ಬಿಲ್ಲಿನ ಕಥೆ ನಮಗೆಲ್ಲ ಬಾಯಿಪಾಠ. ಬಿಲ್ಲು ಮಾಡುವುದು ಹೇಗೆಂದು ಕೇಳಿದರೆ ಮಾತ್ರ, ಕೋಲು ಬಗ್ಗಿಸಿ ದಾರ ಕಟ್ಟಿದರಾಯಿತು ಎಂದುಬಿಡುತ್ತೇವೆ. ಅಷ್ಟು ಸುಲಭವಲ್ಲ.

ಬಿಲ್ಲನ್ನು ಎಳೆದಾಗ ಗುರಿಯ ಕಡೆಗಿರುವ ಹೊರಮೈ ಹಿಗ್ಗುತ್ತದೆ, ನಮ್ಮ ಕಡೆಗಿರುವ ಒಳಮೈ ಕುಗ್ಗುತ್ತದೆ. ಹಿಗ್ಗುವ ಮೈಯಲ್ಲಿ ನಾರು ಕಡಿದಿದ್ದರೆ ಬಿರುಕು ಅಲ್ಲಿಂದಲೇ ಶುರು. ಆದ್ದರಿಂದ ಹೊರಮೈಗೆ ಉಳಿ ತಾಗಿಸಬಾರದು, ಹೆರೆಯುವುದೆಲ್ಲ ಒಳಗಿನಿಂದ. ಬಿದಿರಿನ ಹೆಚ್ಚುಗಾರಿಕೆ ಇಲ್ಲೇ ಇದೆ. ಅದರ ನಾರು ಸಿಪ್ಪೆಯ ಬಳಿ ದಟ್ಟ, ಒಳಗೆ ಹೋದಂತೆ ವಿರಳ. ಬೇಕಾದ ಕಡೆಯೇ ಬಲ. ಇಂದಿಗೂ ನಮ್ಮ ರಾಷ್ಟ್ರೀಯ ಬಿಲ್ಲುಗಾರಿಕೆಯಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗ ಬಿದಿರಿನ ಬಿಲ್ಲಿನದೇ.

ಹೊರದೇಶಗಳಲ್ಲಿ ಹೊಸಬರು ವಿಲ್ಲೋ ಮರದಿಂದಲೂ ಬಿಲ್ಲು ಮಾಡುತ್ತಾರೆ. ಕಾಶ್ಮೀರದ ಕ್ರಿಕೆಟ್ ಬ್ಯಾಟಿನ ಮರ ಅದೇ ಕುಲದ್ದು. ನಮ್ಮ ಹೊಳೆದಂಡೆಯ ನೀರವಂಜಿಯೂ ಅದರ ನೆಂಟ. ಹಗುರ ಮರ, ಮೆದು ಮರ. ಹಾಗಾಗಿ ಬಿಲ್ಲನ್ನು ಅಗಲವಾಗಿ, ಉದ್ದವಾಗಿ ಮಾಡಬೇಕು; ಗಿಡ್ಡ ಮಾಡಿ ಜೋರಾಗಿ ಎಳೆದರೆ ಒಳಮೈ ನಲುಗಿ, ಬಿಲ್ಲು ಬಾಗಿದಂತೆಯೇ ನಿಂತುಬಿಡುತ್ತದೆ. ಮೈಸೂರಿನವರಿಗೆ ಬಿದಿರೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಳೆಯದಲ್ಲದ, ಬಲಿತ ಬಿದಿರು ಬೇಕು. ಸುಮಾರು ಐದಡಿ ಉದ್ದ, ಎರಡು ಬೆರಳು ಅಗಲದ ಸೀಳನ್ನು ಮೇದರ ಕೈಯಲ್ಲೇ ಸೀಳಿಸಿಕೊಳ್ಳಿ. ನಾರಿನ ಜಾಡು ಅವರಿಗೆ ಗೊತ್ತು. ನೆರಳಲ್ಲಿ ಒಣಗಿಸಿ. ಹಿಡಿಯ ಬಳಿ ದಪ್ಪ ಉಳಿಸಿ, ಎರಡೂ ತುದಿಗಳತ್ತ ತೆಳುವಾಗುವಂತೆ ಒಳಮೈ ಹೆರೆಯಿರಿ. ತುದಿಗಳಲ್ಲಿ ಕಚ್ಚು ತೆಗೆದು ಗಟ್ಟಿ ದಾರ ಕಟ್ಟಿ, ಅಂಗುಲ ಅಂಗುಲವಾಗಿ ಎಳೆದು ನೋಡಿ. ಬಗ್ಗದೆ ಬಿಗಿದು ನಿಂತ ಕಡೆ ಇನ್ನಷ್ಟು ಹೆರೆಯಿರಿ, ಹೆಚ್ಚು ಬಗ್ಗುವ ಕಡೆ ಮುಟ್ಟಲೇಬೇಡಿ. ಬಿಲ್ಲಿನ ಎರಡೂ ತೋಳು ಒಂದೇ ಸಮ ಬಾಗುವವರೆಗೆ ಪೂರ್ತಿ ಎಳೆಯುವಂತಿಲ್ಲ. ಬಿಲ್ಲು ಹುಟ್ಟುವುದು, ಮುರಿಯುವುದು ಎರಡೂ ಈ ಹಂತದಲ್ಲೇ. ಇಲ್ಲಿ ಇಡೀ ಒಂದು ದಿನ ಕಳೆದರೂ ನಷ್ಟವಿಲ್ಲ.

ಮಕ್ಕಳ ಜೊತೆ ಕೂತು ಮಾಡಿ. ಬಾಣದ ಮೊನೆ ಮೊಂಡಾಗಿರಲಿ, ಗುರಿ ಹುಲ್ಲಿನ ಹೊರೆಯಾಗಿರಲಿ. ಹಕ್ಕಿ, ಅಳಿಲುಗಳ ಕಡೆ ಬಿಲ್ಲು ತಿರುಗದಿರಲಿ. ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡಿ, ಆ ಹೊಡೆತವೆಲ್ಲ ಬಿಲ್ಲಿಗೇ ಬೀಳುತ್ತದೆ. ಆಟ ಮುಗಿದ ಮೇಲೆ ಹೆದೆ ಇಳಿಸಿಯೇ ಬಿಲ್ಲನ್ನು ಎತ್ತಿಡಿ.