ಹೈಫಾ ಗೆದ್ದ ಮೈಸೂರು ಭರ್ಜಿ

ನಮ್ಮ ಬೆಂಗಳೂರಿನ ಚಾಮರಾಜಪೇಟೆ ತಲೆಯೆತ್ತಿದ 1892ರಲ್ಲೇ ಮೈಸೂರು ಲ್ಯಾನ್ಸರ್ಸ್ ಎಂಬ ಭರ್ಜಿ ಹಿಡಿದ ಕುದುರೆಪಡೆಯೂ ರೂಪುಗೊಂಡಿತು. ಎರಡೂ ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದವು. ಪೇಟೆಯ ಹೆಸರು ದಿನವೂ ನಮ್ಮ ಬಾಯಲ್ಲಿದೆ, ಪಡೆಯ ಹೆಸರು ಬಲ್ಲವರು ವಿರಳ.

ಅದಕ್ಕೂ ಮುಂಚೆ ಸಂಸ್ಥಾನದಲ್ಲಿದ್ದದ್ದು ಸಿಲ್ಲೇದಾರರ ಪಡೆ. ಬ್ರಿಟಿಷರೊಡನೆ ಆದ 1807ರ ಒಪ್ಪಂದದಂತೆ ಮೈಸೂರು 4,000 ಸವಾರರನ್ನು ಇಟ್ಟುಕೊಳ್ಳಬೇಕಿತ್ತು. ಕುದುರೆ, ಆಯುಧ ಎರಡೂ ಸವಾರನವೇ. ಕುದುರೆ ಸತ್ತರೆ ಮನೆಯ ಆಸ್ತಿಯೇ ಹೋಯಿತು. ಹೀಗಿರುವಾಗ ಫಿರಂಗಿಯ ಬಾಯಿಗೆ ನೇರ ನುಗ್ಗಿ ಎಂದರೆ ಯಾರು ನುಗ್ಗುತ್ತಾರೆ?

ಹೊಸ ಪಡೆ ಹಿಡಿದ ಭರ್ಜಿ ನಮ್ಮ ನಾಡಿಗೆ ಹೊಸದಲ್ಲ. ಆದರೆ ಲ್ಯಾನ್ಸರ್ ರೆಜಿಮೆಂಟಿನ ಬೇರು ಪೋಲೆಂಡಿನಲ್ಲಿದೆ. ಬೆನ್ನಿಗೆ ರೆಕ್ಕೆ ಕಟ್ಟಿದ ಅಲ್ಲಿನ ಹುಸಾರ್ ಸವಾರರು 1683ರಲ್ಲಿ ವಿಯೆನ್ನಾದ ಹೊರಗೆ ತುರ್ಕಿ ಸೇನೆಯ ಮೇಲೆ ಎರಗಿದರು. ಅವರು ಮರೆಯಾದ ಮೇಲೂ ಪೋಲಿಷ್ ಸವಾರರು ಭರ್ಜಿ ಬಿಡಲಿಲ್ಲ. ನೆಪೋಲಿಯನ್ನನ ಸೇನೆಯಲ್ಲಿ ಅವರ ಕೈಚಳಕ ಕಂಡ ಬ್ರಿಟಿಷರು 1816ರಲ್ಲಿ ತಾವೂ ಲ್ಯಾನ್ಸರ್‌ಗಳನ್ನು ಕಟ್ಟಿದರು. ಆ ಪದ್ಧತಿಯೇ ಮುಂದೆ ಮೈಸೂರಿಗೂ ಬಂತು.

ಮೊದಲ ಮಹಾಯುದ್ಧದಲ್ಲಿ ನಮ್ಮವರು ಬ್ರಿಟಿಷರ ಪರ ಸೂಯೆಜ್ ಕಾಲುವೆ ಕಾದರು, ತುರ್ಕರ ಕೈಯಲ್ಲಿದ್ದ ಪ್ಯಾಲೆಸ್ಟೈನಿಗೆ ನಡೆದರು. 1918ರ ಸೆಪ್ಟೆಂಬರ್ 23. ಅಲ್ಲಿನ ಹೈಫಾ ಬಂದರಿಗೆ ಹೋಗುವ ದಾರಿ ಬಲು ಇಕ್ಕಟ್ಟು: ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆಯ ಕೆಸರು. ಬೆಟ್ಟದ ಮೇಲೆ ಶತ್ರುಗಳ ಫಿರಂಗಿ, ಬುಡದಲ್ಲಿ ಮಷೀನ್‌ಗನ್. ಮೈಸೂರಿನ ಒಂದು ತುಕಡಿ ಕಡಿದಾದ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿತ್ತು. ಕೆಳಗೆ ಜೋಧಪುರ ಲ್ಯಾನ್ಸರ್ಸ್ ಊರಿನತ್ತ ನುಗ್ಗಿದರು, ಅವರ ಮೇಜರ್ ದಲ್ಪತ್ ಸಿಂಗ್ ಅಲ್ಲೇ ಮಡಿದರು. ಸಂಜೆಯೊಳಗೆ ಹೈಫಾ ಕೈಸೇರಿತು, ಸೆರೆಸಿಕ್ಕವರು 1,300ಕ್ಕೂ ಹೆಚ್ಚು. ಮಷೀನ್‌ಗನ್ನಿನ ಕಾಲದಲ್ಲಿ ಭರ್ಜಿಯಿಂದ ಒಂದು ಊರು ಗೆದ್ದದ್ದು ಸಣ್ಣ ಸಾಹಸವಲ್ಲ. ಜೋಧಪುರದ ಪಾಲನ್ನು ಎಲ್ಲರೂ ಹೇಳುತ್ತಾರೆ. ಬೆಟ್ಟದ ಫಿರಂಗಿಗಳು ಬಾಯಿ ಮುಚ್ಚದೇ ಇದ್ದಿದ್ದರೆ ಆ ಇಕ್ಕಟ್ಟಿನ ದಾರಿಯಲ್ಲಿ ಏನಾಗುತ್ತಿತ್ತೆಂಬುದನ್ನೂ ಹೇಳಬೇಕು.

ಈ ಯುದ್ಧದ ನೆನಪಿಗೆ ನಿಂತ ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಯೋಧರಲ್ಲಿ ಒಬ್ಬ ಮೈಸೂರಿನವನು. ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಕುದುರೆಪಡೆಗಳು ಸೇರಿ 61ನೇ ಕ್ಯಾವಲ್ರಿ ಆಯಿತು. ಮೈಸೂರಿನ ಪರಂಪರೆಯೂ ಅದರಲ್ಲಿ ಬೆರೆತಿದೆ.

ಮಡಿದ ಲ್ಯಾನ್ಸರ್‌ಗಳ ಸ್ಮಾರಕ ಬೆಂಗಳೂರಿನಲ್ಲೇ, ಜೆ.ಸಿ. ನಗರದಲ್ಲಿದೆ. ಮಲ್ಲೇಶ್ವರದಿಂದ ದೂರವೇನಲ್ಲ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿಬನ್ನಿ. ನಿಮ್ಮ ಅಟ್ಟದ ಪೆಟ್ಟಿಗೆಯಲ್ಲಿ ಆ ಪಡೆಯ ಪದಕವೋ ಕಾಗದವೋ ಇದ್ದರೆ, ದಯವಿಟ್ಟು ಜೋಪಾನ ಮಾಡಿ.