ಕಾಗೆ ಕೂತಿದ್ದು ಕಾರಿನ ಮೇಲೆ, ಕಳಂಕ ಯಾರ ಮೇಲೆ?

ಇವತ್ತು ಹಕ್ಕಿಗಳ ಬಗ್ಗೆ ಮಾತಾಡೋಣ. ಆದರೆ ಶುರು ಮಾಡಬೇಕಾಗಿರೋದು ನಮ್ಮದೇ ತಪ್ಪಿನಿಂದ.

2016ರ ಜೂನ್ ತಿಂಗಳು. ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಸರ್ಕಾರಿ ಕಾರಿನ ಮೇಲೆ ಒಂದು ಕಾಗೆ ಬಂದು ಕೂತಿತು. ಸುದ್ದಿ ಅಷ್ಟೇ. ಆದರೆ ನಾವು ಟಿವಿಯವರು ಬಿಡ್ತೀವಾ? ಜ್ಯೋತಿಷಿಗಳು ಸ್ಟುಡಿಯೋಗೆ ಬಂದರು. ಶನಿಯ ವಾಹನ ಅಂದರು, ಕುರ್ಚಿಗೆ ಕಂಟಕ ಅಂದರು. ಕೆಲವೇ ದಿನಗಳಲ್ಲಿ ಹೊಸ ಕಾರು ಬಂತು. ಕಾಗೆಗೂ ಕಾರಿಗೂ ಸಂಬಂಧ ಇಲ್ಲ ಅಂತ ಅವರ ಕಡೆಯವರು ಹೇಳಿದರು. ಯಾರು ಕೇಳಬೇಕು? ನಾನೂ ಆಗ ಸುದ್ದಿ ಡೆಸ್ಕ್‌ನಲ್ಲಿದ್ದೆ. ಸ್ಕ್ರೀನಿನ ಕೆಳಗೆ ಓಡಿದ ಸಾಲುಗಳಲ್ಲಿ ನಾನು ಟೈಪ್ ಮಾಡಿದವೂ ಇದ್ದವು.

ಕುರ್ಚಿ ಏನಾಯ್ತು? 2018ರ ಮೇವರೆಗೆ ಅಲ್ಲೇ ಇತ್ತು. ದೇವರಾಜ ಅರಸು ಅವರ ನಂತರ ಐದು ವರ್ಷ ಪೂರ್ತಿ ಮುಗಿಸಿದ ಮುಖ್ಯಮಂತ್ರಿ ಅವರೇ. 2023ರಲ್ಲಿ ಮತ್ತೆ ಅದೇ ಕುರ್ಚಿಗೆ ಬಂದರು. ಕಾಗೆ ಏನೂ ಸುಳ್ಳು ಹೇಳಿರಲಿಲ್ಲ ಬಿಡಿ. ಸುಳ್ಳು ಹೇಳಿದ್ದು ನಾವು.

ಎರಡು ಘಟನೆ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ ಅನ್ನೋದನ್ನ ಇಂಜಿನಿಯರಿಂಗ್‌ನಲ್ಲಿ ನನಗೆ ಲೆಕ್ಕ, ಗ್ರಾಫ್ ಹಾಕಿ ಕಲಿಸಿದರು. ನಮ್ಮ ಹಿರಿಯರು ಅದನ್ನೇ ಒಂದು ಮಾತಲ್ಲಿ ಮುಗಿಸಿದ್ದರು: ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿ ಹೋಯ್ತು. ನೋಡಿ, ಇಲ್ಲೂ ಕಾಗೆಯೇ!

ನಮ್ಮ ಅಜ್ಜಿ ಊರು ಕೂಡ್ಲಿಗಿ ತಾಲೂಕಿನ ಕಾನಹೊಸಹಳ್ಳಿ. ಅಲ್ಲಿ ಹಕ್ಕಿಗಳಿಗೆಲ್ಲ ಒಂದೊಂದು ಖಾತೆ ಹಂಚಿಕೆ ಆಗಿತ್ತು. ಕಾಗೆ ಕೂಗಿದರೆ ನೆಂಟರು. ಗರುಡ ಕಂಡರೆ ಕೈ ಮುಗಿ. ಗಾದೆಯಲ್ಲಿ ನವಿಲಿನ ಮುಂದೆ ನಗೆಪಾಟಲಾಗುವ ಕೆಂಬೂತ ಬೇಲಿ ಮೇಲೆ ಕಂಡರೆ ರತ್ನಪಕ್ಷಿ, ಅದೃಷ್ಟ! ನಸುಕಿನಲ್ಲಿ ಬುಡುಬುಡಿಕೆಯವರು ಬಂದು ಹಾಲಕ್ಕಿ ಶುಭ ನುಡಿದಿದೆ ಅಂದರೆ ಅವರ ಜೋಳಿಗೆಗೆ ಜೋಳ. ಹಾಲಕ್ಕಿ ಅಂದರೆ ಮೈತುಂಬ ಬಿಳಿ ಚುಕ್ಕೆಯ ಪುಟ್ಟ ಗೂಬೆ. ಅದೇ ಗೂಬೆಯ ಜಾತಿಯ ಹಕ್ಕಿ ಮನೆ ಮೇಲೆ ಕೂತು ಕೂಗಿದರೆ ಮಾತ್ರ ಅಪಶಕುನ.

ಇದರಲ್ಲಿ ಏನು ತಪ್ಪು, ಚಂದ ಅಲ್ವಾ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಸಿಇಟಿ ಕೌನ್ಸೆಲಿಂಗ್‌ಗೆ ಹೊರಟ ದಿನ ಮನೆಯವರೆಲ್ಲ ಬಾಗಿಲಿಗೆ ಬಂದರು. ಅಜ್ಜಿ ಬರಲಿಲ್ಲ. ಅಡುಗೆಮನೆಯಿಂದಲೇ ಕೂಗಿ ಹೇಳಿದಳು, 'ನೀ ಹೋಗಪ್ಪ, ನಾ ಒಳಗ ಇರ್ತೀನಿ.' ಅಜ್ಜ ತೀರಿಕೊಂಡು ವರ್ಷಗಳಾಗಿದ್ದವು. ವಿಧವೆ ಎದುರಿಗೆ ಬಂದರೆ ಹೋದ ಕೆಲಸ ಕೆಡುತ್ತೆ ಅಂತ ಅವಳೇ ನಂಬಿದ್ದಳು. ಗೂಬೆಗೆ ಕೊಟ್ಟ ಖಾತೆಯನ್ನೇ ನಾವು ಅವಳಿಗೂ ಕೊಟ್ಟಿದ್ದೆವು! ನಾನು ಒಳಗೆ ಹೋಗಿ ಅವಳ ಕಾಲಿಗೆ ಬೀಳಬೇಕಿತ್ತು. ಬೀಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಅನ್ನೋದು ನೆಪ. ಒಳಗೊಳಗೆ ನನಗೂ ಭಯ ಇತ್ತು.

ಶಕುನದ ಸಮಸ್ಯೆ ಇದೇ ಸ್ವಾಮಿ. ಅದು ಯಾವತ್ತೂ ಬಾಯಿಲ್ಲದವರ ತಲೆಗೇ ಬಂದು ಕೂರುತ್ತೆ. ದೀಪಾವಳಿ ಬಂತೆಂದರೆ ಮಾಟ, ನಿಧಿ, ಲಕ್ಷ್ಮಿಯ ಹೆಸರಲ್ಲಿ ಗೂಬೆಗಳನ್ನ ಹಿಡಿದು ಮಾರ್ತಾರೆ, ಬಲಿ ಕೊಡ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇದು ಅಪರಾಧ. ಶೇಂಗಾ, ಜೋಳದ ಹೊಲದಲ್ಲಿ ರಾತ್ರಿಯಿಡೀ ಇಲಿ ಹಿಡಿದು ರೈತನ ಬೆಳೆ ಉಳಿಸೋ ಹಕ್ಕಿಗೆ ನಾವು ಕೊಡೋ ಕೂಲಿ ಇದು. ಮೌಢ್ಯ ನಿಷೇಧ ಮಸೂದೆ 2017ರಲ್ಲಿ ನಮ್ಮ ವಿಧಾನಸಭೆಯಲ್ಲಿ ಪಾಸಾಯ್ತು, 2020ರಲ್ಲಿ ಜಾರಿಗೂ ಬಂತು. ಆದರೆ ಅಡುಗೆಮನೆ ಬಾಗಿಲ ಹಿಂದೆ ನಿಂತ ಅಜ್ಜಿಯನ್ನ ಹೊರಗೆ ಕರೆಯೋ ಕಾಯ್ದೆ ಯಾವುದಿದೆ? ಆ ಕೆಲಸ ಮನೆಯವರೇ ಮಾಡಬೇಕು.

ಹಕ್ಕಿ ನೋಡಿ ಶಕುನ ಕೇಳಲೇಬೇಕಾ? ಹಾಗಾದ್ರೆ ಕೊಟ್ಟೂರು ದಾಟಿ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರಕ್ಕೆ ಹೋಗಿ. 98.76 ಹೆಕ್ಟೇರಿನ ಕೆರೆ. ನೀರಲ್ಲೇ ನಿಂತ ಕರಿಜಾಲಿ ಮರಗಳ ತುಂಬ ಬಣ್ಣದ ಕೊಕ್ಕರೆ, ನೀರುಕಾಗೆಗಳ ಗೂಡು. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಜಗತ್ತಿನ ಗಮನ ಸೆಳೆದ ಜಾಗ ಅದು. ಕೆರೆಯಲ್ಲಿ ನೀರಿದ್ದು, ನೀರಲ್ಲಿ ಮೀನಿದ್ದರೆ ಹಕ್ಕಿ ಬರುತ್ತೆ. ಬತ್ತಿದರೆ ಹೋಗುತ್ತೆ. ನಾನು ನಂಬೋ ಹಕ್ಕಿ ಶಕುನ ಇದೊಂದೇ.

ನಾಳೆ ಯಾವುದಾದರೂ ಮಂತ್ರಿ ಕಾರಿನ ಮೇಲೆ ಕಾಗೆ ಕೂತರೆ, ಈ ಡೆಸ್ಕ್‌ನಿಂದ ನಾನು ಅದನ್ನ ಸುದ್ದಿ ಮಾಡಲ್ಲ. ಮಾಡಿದರೆ ಕೇಳಿ. ಮತ್ತೆ ನೀವು, ಮನೆಯಿಂದ ಯಾವುದೇ ಶುಭ ಕಾರ್ಯಕ್ಕೆ ಹೊರಡುವ ಮುಂಚೆ ಒಮ್ಮೆ ಅಡುಗೆಮನೆ ಕಡೆ ಹೋಗಿ ಬನ್ನಿ. ಅಲ್ಲಿ ಯಾರಾದರೂ ನಿಂತಿರಬಹುದು. ಕೈ ಹಿಡಿದು ಬಾಗಿಲಿಗೆ ಕರೆತನ್ನಿ.